ಅರಿಷಿಣ ಬಳಿದ ಹಾವು

ಬೆಳಿಗ್ಗೆ ಏಳು ಗಂಟೆ ಐದು ನಿಮಿಷ. ಪಡಸಾಲೆಯ ಗೂಡಿನಲ್ಲಿದ್ದ ರೇಡಿಯೋ ಆಗಷ್ಟೇ ಪ್ರದೇಶ ಸಮಾಚಾರ ಶುರು ಮಾಡಿತ್ತು, ಅದಕ್ಕೇ ಹೊತ್ತು ಅಷ್ಟು ಖಚಿತವಾಗಿ ನೆನಪಿದೆ. ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಪಡಸಾಲೆಯ ಮೂಲೆಯಲ್ಲಿ ನನ್ನ ಚಿಗಪ್ಪ ತಿಪ್ಪೇಶಿ ತಗಡಿನ ಡ್ರಮ್ಮಿನ ಮುಚ್ಚಳ ತೆಗೆದ. ನನ್ನ ತಮ್ಮ ಕೊಟ್ರೇಶಿ ತಲೆಗೆ ಎಣ್ಣೆ ಹಚ್ಚಿಸಿಕೊಂಡು, ಹಬ್ಬದ ಅಂಗಿ ಹಾಕಿಕೊಂಡು, ಹಾವಿನ ಜೊತೆ ಫೋಟೋ ತೆಗೆಸಿಕೊಳ್ಳಲು ಮಣೆಯ ಮೇಲೆ ಕೂತಿದ್ದ. ಇವತ್ತಿಗೂ ಆ ದಿನದ ಮಾತು ಬಂದರೆ ನಮ್ಮ ಮನೆಯವರು, ಅವತ್ತಿನ ಟೈಮೇ ಸರಿ ಇರಲಿಲ್ಲ ಅನ್ನುತ್ತಾರೆ. ಟೈಮು ಸರಿಯಾಗಿಯೇ ಇತ್ತು. ಸರಿ ಇರದಿದ್ದವರು ಮನುಷ್ಯರು.

ನಮ್ಮೂರು ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ. ಮನೆ ಮಣ್ಣಿನ ಮಾಳಿಗೆಯದು, ಗೋಡೆ ಮೊಳ ದಪ್ಪ, ಬೇಸಿಗೆಯಲ್ಲೂ ಒಳಗೆ ತಣ್ಣಗೆ. ಒಂದು ಪಡಸಾಲೆ, ಒಂದು ಅಡುಗೆಮನೆ, ಶೇಂಗಾ ಮತ್ತು ಜೋಳದ ಚೀಲ ಪೇರಿಸಿದ ಒಂದು ಕತ್ತಲ ಕೋಣೆ, ಪಕ್ಕದಲ್ಲೇ ಕುರಿಹಟ್ಟಿ. ಕುರಿಯ ವಾಸನೆ ಕಂಬಳಿಗೆ, ಕಂಬಳಿಯಿಂದ ನಮಗೆ, ನಮ್ಮಿಂದ ಶಾಲೆಯ ಬೆಂಚಿಗೆ ಹೋಗುತ್ತಿತ್ತು. ಆ ಮನೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಜಾಗ ಇತ್ತು. ಅಪ್ಪನದು ಕಟ್ಟೆ. ಅಜ್ಜಿಯದು ನಡುಗಂಬ. ಮಕ್ಕಳದು ಚೀಲಗಳ ಕೋಣೆಯ ಬಾಗಿಲ ಮುಂದೆ ಹಾಸಿದ ಚಾಪೆ. ಪಡಸಾಲೆಯಲ್ಲೆಲ್ಲ ಒಳ್ಳೆಯ ಜಾಗ, ತಲಬಾಗಿಲ ಗಾಳಿ ನೇರ ಬಂದು ಬೀಸುವ ಮೂಲೆ, ಹಾವಿನದಾಗಿತ್ತು. ಅವ್ವನ ಜಾಗ ಕಿಟಕಿ ಇಲ್ಲದ ಅಡುಗೆಮನೆ. ಹಗಲು ಒಲೆಯ ಮುಂದೆ ಕೂರುತ್ತಿದ್ದಳು, ರಾತ್ರಿ ಅದೇ ಒಲೆಯ ಮಗ್ಗುಲಿಗೆ ಹಾಸಿಕೊಂಡು ಮಲಗುತ್ತಿದ್ದಳು.

ಹಾವಿನ ಹೆಸರು ಮಣ್ಣವ್ವ. ಅದು ಮಣ್ಣುಮುಕ್ಕ ಹಾವು: ಗಿಡ್ಡ, ದಪ್ಪ, ಮೊಂಡು ಬಾಲ, ವಿಷ ಇಲ್ಲದ್ದು, ಇಲಿ ತಿಂದು ಮಣ್ಣಿನಲ್ಲಿ ಹುದುಗಿಕೊಂಡಿರುವ ಜೀವ. ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಕಣದ ಪೂಜೆ ಮಾಡಿದ ದಿನ ಕಣದಲ್ಲಿ ಯಾವ ಜೀವ ಕಂಡರೂ ಅದನ್ನು ಓಡಿಸುವಂತಿಲ್ಲ. ಮೊದಲ ಮೊರ ಕಾಳಿನ ಜೊತೆ ಕಂಬಳಿಯಲ್ಲಿ ಸುತ್ತಿ ಮನೆಗೆ ತರಬೇಕು. ಹಿಂದೆಲ್ಲ ಕಪ್ಪೆಯೋ ಆಮೆಯೋ ಸಿಕ್ಕಿ, ಒಂದು ರಾತ್ರಿ ಇದ್ದು, ಮಾರನೇ ದಿನ ಹೊಲಕ್ಕೆ ವಾಪಸ್ಸು ಹೋಗುತ್ತಿದ್ದವಂತೆ. ನಾನು ಮೂರನೇ ಇಯತ್ತೆಯಲ್ಲಿದ್ದಾಗ ಶೇಂಗಾ ರಾಶಿಯ ಬುಡದಲ್ಲಿ ಈ ಹಾವು ಸಿಕ್ಕಿತು. ಆ ವರ್ಷ ಕುರಿಗಳು ಅವಳಿ ಮರಿ ಹಾಕಿದವು. ಅಜ್ಜಿ ಹಾವನ್ನು ಕಳಿಸಲಿಲ್ಲ. ಉಸುಕು ತುಂಬಿದ ಡ್ರಮ್ಮೊಂದು ಪಡಸಾಲೆಗೆ ಬಂತು.

ಅದನ್ನು ಹೇಗೆ ಸಾಕಬೇಕು ಅನ್ನುವುದಕ್ಕೆ ನಮ್ಮ ಮನೆಯಲ್ಲಿ ಜಗಳವಾಗದ ವಾರ ಇಲ್ಲ. ಅಜ್ಜಿಗೆ ಅದು ಗಂಡನ ಮನೆಯಿಂದ ಬಂದ ಮಗಳು. ಶುಕ್ರವಾರ ಮತ್ತು ಅಮಾವಾಸ್ಯೆ ಅದಕ್ಕೆ ತಲೆಯಿಂದ ಬಾಲದ ತನಕ ಅರಿಷಿಣ ಬಳಿಯುತ್ತಿದ್ದಳು, ನೆತ್ತಿಗೆ ಕುಂಕುಮ ಇಡುತ್ತಿದ್ದಳು, ಹಾಲು ಇಟ್ಟು ಅದರ ಮೂತಿಯನ್ನು ಬಟ್ಟಲಿಗೆ ಒತ್ತುತ್ತಿದ್ದಳು. ಉಸುಕಿಗೂ ಅರಿಷಿಣ ಬೆರೆಸುತ್ತಿದ್ದಳು. ಹೀಗಾಗಿ ಮಣ್ಣವ್ವ ಅಂದರೆ ನಮಗೆಲ್ಲ ಹಳದಿ ಬಣ್ಣದ ಒಂದು ವಸ್ತು. ಚಿಗಪ್ಪನ ವಾದ ಬೇರೆ. ದಿನಾ ಮುಟ್ಟಿ ಆಡಿಸದಿದ್ದರೆ ಅದು ಮನುಷ್ಯರ ರೂಢಿ ಮರೆಯುತ್ತದೆ ಅನ್ನುತ್ತಿದ್ದ. ಹೆಗಲ ಮೇಲೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ತನಕ ಹೋಗಿ ಬರುತ್ತಿದ್ದ, ಹುಡುಗರ ಕೊರಳಿಗೆ ಹಾಕಿ ನಗುತ್ತಿದ್ದ. ನನ್ನ ಕೊರಳಿಗೂ ಹಾಕಿದ್ದ. ಅಪ್ಪನದು ಮೂರನೇ ಮತ.

"ಹೊಲದಾಗಿಂದು ಹೊಲದಾಗ ಇದ್ರ ಚಂದ."

ಇಷ್ಟು ಹೇಳಿ ಕಟ್ಟೆಗೆ ಹೋಗಿ ಕೂರುತ್ತಿದ್ದ. ಈ ಮಾತನ್ನು ಎಷ್ಟು ಸಲ ಹೇಳಿದ್ದಾನೋ, ಅಷ್ಟೂ ಸಲ ಹೇಳಿ ಸುಮ್ಮನಾಗಿದ್ದಾನೆ. ಚಿಗಪ್ಪನ ಹುಂಬತನದ ಮೇಲಿನ ಸಿಟ್ಟು ಯಾರಿಗಾದರೂ ಅರ್ಥವಾಗುತ್ತದೆ. ಅಪ್ಪನ ಈ ಸುಮ್ಮನಿರುವಿಕೆಯ ಮೇಲಿನ ಸಿಟ್ಟನ್ನು ಯಾರಿಗೆ ಹೇಳಲಿ? ಊರವರು ಅವನನ್ನು ಶಾಂತ ಮನುಷ್ಯ ಅಂತ ಹೊಗಳುತ್ತಿದ್ದರು. ಅವ್ವ ಪಾರ್ವತಿಯನ್ನು ಯಾರೂ ಕೇಳಲಿಲ್ಲ. ಒಂದು ಸಲ ತಾನಾಗಿ ಹೇಳಿದಳು.

"ಮಕ್ಳು ಮಲಗೋ ಜಾಗ ಐತ್ರಿ ಅತ್ತಿ. ಕುರಿಹಟ್ಟ್ಯಾಗ ಇಡೋಣು ಡ್ರಮ್ಮು."

"ಈ ಮನಿ ನಿನ್ನ ತವರಿಂದ ಹೊತ್ಕಂಡು ಬಂದೀಯೇನು, ಎಲ್ಲಿ ಏನು ಇಡಬೇಕು ಅಂತ ಹೇಳಾಕ?"

ಅವ್ವ ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ಅದರ ಉಸುಕು ಬದಲಿಸುವುದು, ಚೆಲ್ಲಿದ ಹಾಲಿಗೆ ಮುತ್ತುವ ಇರುವೆ ಗುಡಿಸುವುದು, ಸುತ್ತಲ ನೆಲ ಸಾರಿಸುವುದು ಅವ್ವನ ಪಾಲಿಗೇ ಬಂತು. ಮುಂದೆ ಕೊಟ್ಟೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುವಾಗ ಗೊತ್ತಾಯಿತು, ಹಾವಿಗೆ ಹಾಲು ಒಗ್ಗುವುದಿಲ್ಲ, ಅದು ಬಾಯಾರಿದಾಗ ಹಾಲನ್ನಾದರೂ ಕುಡಿಯುತ್ತದೆ ಅಷ್ಟೇ. ಅರಿಷಿಣದ ಪುಡಿ ಕಣ್ಣು ಮೂಗಿಗೆ ತುಂಬಿಕೊಂಡು ಆ ಜೀವ ಎಷ್ಟು ಒದ್ದಾಡಿತೋ. ಹೆಗಲ ಮೇಲೆ ಅದು ಸುಮ್ಮನಿರುತ್ತಿದ್ದದ್ದು ಪ್ರೀತಿಯಿಂದ ಅಲ್ಲ, ಭಯದಿಂದ. ಒಬ್ಬರು ಪೂಜೆ ಮಾಡಿ ಹಿಂಸಿಸಿದರು, ಇನ್ನೊಬ್ಬರು ಮುದ್ದು ಮಾಡಿ ಹಿಂಸಿಸಿದರು. ಇಬ್ಬರೂ ತಾವು ಸಾಕುತ್ತಿದ್ದೇವೆ ಅಂದುಕೊಂಡಿದ್ದರು. ಆ ಕಾಲೇಜಿನ ಲ್ಯಾಬಿನ ಶೆಲ್ಫಿನಲ್ಲಿ ಗಾಜಿನ ಎರಡು ಜಾಡಿಗಳು ಅಕ್ಕಪಕ್ಕ ಇದ್ದವು. ಒಂದರಲ್ಲಿ ಮಣ್ಣುಮುಕ್ಕ, ಒಂದರಲ್ಲಿ ಕೊಳಕುಮಂಡಲ. ಎರಡೂ ದಪ್ಪ, ಎರಡೂ ಗಿಡ್ಡ, ಎರಡರ ಬೆನ್ನ ಮೇಲೂ ಕಂದು ಮಚ್ಚೆ. ಮೇಡಂ ವ್ಯತ್ಯಾಸ ಹೇಳುತ್ತಿದ್ದಾಗ ನಾನು ಎದ್ದು ಹೊರಗೆ ಹೋದೆ. ಆ ಪಾಠ ನನಗೆ ಆಗಿತ್ತು.

ಆಗಿದ್ದು ಇಷ್ಟು. ನಾನು ಆರನೇ ಇಯತ್ತೆಯಲ್ಲಿದ್ದಾಗ ದೀಪಾವಳಿಯ ಗಡಿಬಿಡಿಯಲ್ಲಿ ಚಿಗಪ್ಪ ಮುಚ್ಚಳ ಹಾಕುವುದನ್ನು ಮರೆತ, ಮಣ್ಣವ್ವ ಹೋದಳು. ಎಲ್ಲಿಗೆ ಅಂತ ಕೊನೆಗೂ ಗೊತ್ತಾಗಲಿಲ್ಲ. ಅಜ್ಜಿ ಊಟ ಬಿಟ್ಟಳು. ಆ ತಿಂಗಳು ಸತ್ತ ಒಂದು ಟಗರನ್ನೂ, ತಮ್ಮನಿಗೆ ಬಂದ ಜ್ವರವನ್ನೂ ಅದೇ ಲೆಕ್ಕಕ್ಕೆ ಹಾಕಿದಳು. ಮುಚ್ಚಳ ತೆರೆದಿಟ್ಟವನನ್ನು ಬಿಟ್ಟು ಮಿಕ್ಕ ಎಲ್ಲರನ್ನೂ ಬೈದಳು. ಎಳ್ಳಮಾವಾಸ್ಯೆಗೆ ಇನ್ನೂ ಮೂರು ವಾರ ಇದ್ದ ಚಳಿಗಾಲದ ಒಂದು ಸಂಜೆ, ಚಿಗಪ್ಪ ಹೊಲದ ಶೇಂಗಾ ಹೊಟ್ಟಿನ ಬಣವೆಯಿಂದ ಕಂಬಳಿಯ ಗಂಟು ಹೊತ್ತು ಬಂದ. ಸಲಿಕೆಯಿಂದ ಎತ್ತಿ ಕಂಬಳಿಗೆ ಹಾಕಿಕೊಂಡೆ, ಚಳಿಗೆ ಮರಗಟ್ಟಿದ್ದಳು ಅಂದ. ಅಂಗಳದಿಂದಲೇ ತನ್ನ ತಾಯಿಯನ್ನು ಕೂಗಿದ.

"ಅವ್ವಾ, ನಿನ್ನ ಮಗಳು ಬಂದ್ಲು ನೋಡು. ಹಳೇ ಅಂಗಿ ಕಳದು ಹೊಸಾದು ಹಾಕ್ಕಂಡು ಬಂದಾಳ."

ಪೊರೆ ಬಿಟ್ಟ ಹಾವಿಗೆ ಬಣ್ಣ ಬದಲಾಗುತ್ತದೆ ಅಂತ ಅವನ ನಂಬಿಕೆ. ಗಂಟನ್ನು ಡ್ರಮ್ಮಿಗೆ ಸುರುವಿದ. ಪಡಸಾಲೆಯ ಬಲ್ಬು ಮಂಕಾಗಿತ್ತು. ಅಜ್ಜಿ ಅಳುತ್ತ ನಗುತ್ತ ಬಂದವಳೇ ಮೇಲಿನಿಂದ ಮುಷ್ಟಿ ಮುಷ್ಟಿ ಅರಿಷಿಣ ಎರಚಿದಳು. ಯಾರಾದರೂ ಬಗ್ಗಿ ನೋಡುವ ಮೊದಲೇ ಅದು ಹಳದಿಯಾಗಿತ್ತು. ಹಳದಿಯಾದ ಮೇಲೆ ಅದು ಮಣ್ಣವ್ವ. ಇಷ್ಟು ವರ್ಷ ಮನೆಯಲ್ಲಿಟ್ಟುಕೊಂಡ ಹಾವಿನ ಚರ್ಮ ಹೇಗಿತ್ತು ಅಂತ ಕೇಳಿದ್ದರೆ ಆ ಮನೆಯಲ್ಲಿ ಒಬ್ಬರೂ ಹೇಳುತ್ತಿರಲಿಲ್ಲ. ಆಗ ಡ್ರಮ್ಮಿನೊಳಗಿಂದ ಒಂದು ಸದ್ದು ಬಂತು. ತಿದಿ ಒತ್ತಿದಂತೆ, ಬಿಡುವಿಲ್ಲದೆ, ಉಸ್ಸೆಂದು. ನನ್ನ ಅಡುಗೆಮನೆಯಲ್ಲಿ ಇವತ್ತಿಗೂ ಕುಕ್ಕರ್ ಇಲ್ಲ. ಹರಪನಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯವರ ಕುಕ್ಕರಿನಲ್ಲಿ ಸೀಟಿಗೆ ಮೊದಲು ಆವಿ ಏಳುವಾಗ ನಾನು ಈ ಕಡೆ ಕಿಟಕಿ ಮುಚ್ಚುತ್ತೇನೆ.

"ಸಿಟ್ಟು ಆಕಿಗೆ," ಅಂದಳು ಅಜ್ಜಿ. "ಎಷ್ಟು ದಿನ ಚಳ್ಯಾಗ ಇದ್ಲು."

ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು.

"ನಮ್ಮದು ಎಂದಾರ ಸದ್ದು ಮಾಡೈತೇನ್ರಿ ಅತ್ತಿ? ಇದು ಬ್ಯಾರೆ ಐತಿ."

ಚಿಗಪ್ಪ ತಿರುಗಿ ಕೂಡ ನೋಡಲಿಲ್ಲ.

"ಅತಿಗಿ, ನೀ ರೊಟ್ಟಿ ನೋಡ್ಕ. ಹಾವು ನಾ ನೋಡ್ಕಂತೀನಿ."

ಅಪ್ಪ ಕಟ್ಟೆಯಿಂದ, ಹೊಲದಾಗಿಂದು ಹೊಲದಾಗ ಅಂತ ಶುರು ಮಾಡಿ ಅರ್ಧಕ್ಕೇ ಬಿಟ್ಟ. ಅವ್ವ ಆ ರಾತ್ರಿ ನಮ್ಮಿಬ್ಬರ ಚಾಪೆಯನ್ನು ಎಳೆದು ಅಡುಗೆಮನೆಯೊಳಗೆ ಹಾಕಿದಳು. ಒಬ್ಬ ಸೊಸೆಗೆ ಆ ಮನೆಯಲ್ಲಿ ಅಷ್ಟು ಮಾಡುವ ಅಧಿಕಾರ ಇತ್ತು.

ಮಾರನೇ ಬೆಳಿಗ್ಗೆಯೇ ಕೊಟ್ಟೂರಿನಿಂದ ಚಿಗಪ್ಪನ ಗೆಳೆಯನೊಬ್ಬ ಕ್ಯಾಮೆರಾ ತಗಲಿಸಿಕೊಂಡು ಮೋಟರ್‌ಸೈಕಲ್ಲಿನಲ್ಲಿ ಬಂದ. ಎಳೆ ಬಿಸಿಲು ಬಾಗಿಲಿನಿಂದ ಮೂಲೆಗೆ ಬೀಳುವ ಹೊತ್ತಿಗೆ ಫೋಟೋ ಚೆನ್ನಾಗಿ ಬರುತ್ತದೆ ಅಂತ ಲೆಕ್ಕ ಹಾಕಿದ್ದರು. ಹಾವಿನ ಸುತ್ತ ಇಷ್ಟೊಂದು ಲೆಕ್ಕ. ಚಿಗಪ್ಪ ಡ್ರಮ್ಮನ್ನು ಮಲಗಿಸಿ, ಕಂಬಳಿಯ ಮಡಿಕೆಯಲ್ಲಿ ಹಾವನ್ನು ಸೇರಿಸಿಕೊಂಡು, ಬಟ್ಟೆಯ ಗಂಟು ಎತ್ತುವ ಹಾಗೆ ಎತ್ತಿದ. ಅದು ಉಸ್ಸೆನ್ನುತ್ತಲೇ ಇತ್ತು. ಮುನಿಸು ಇನ್ನೂ ಇಳಿದಿಲ್ಲ ನೋಡು ಅಂತ ಗೆಳೆಯನಿಗೆ ಹೇಳಿ ನಕ್ಕ. ಗೆಳೆಯನೂ ನಕ್ಕ. ತಮ್ಮ ನನ್ನ ಕಡೆ ನೋಡಿದ. ಅವನಿಗೆ ಬೇಡವಾಗಿತ್ತು, ಹೇಳಿದರೆ ಹೇಡಿ ಅನ್ನುತ್ತಾರೆ. ಕಂಬಳಿ ಅವನ ಹೆಗಲ ಹತ್ತಿರ ಬಂದಾಗ ಒಳಗೆ ರೊಟ್ಟಿಯ ಸದ್ದು ನಿಂತಿತು. ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದು ಎಡಗೈಯಿಂದ ತಮ್ಮನ ಅಂಗಿಯ ಕಾಲರು ಹಿಡಿದು ಎಳೆದು, ಬಲಗೈಯಿಂದ ಆ ಗಂಟನ್ನು ತಳ್ಳಿದಳು. ಮಡಿಕೆಯ ಒಳಗಿಂದ ಹಳದಿ ತಲೆಯೊಂದು ಬಂದು ಹೋಯಿತು. ಅಷ್ಟೇ ಕಂಡದ್ದು. ಹೆಬ್ಬೆರಳಿನ ಬುಡದಲ್ಲಿ, ಹಿಟ್ಟಿನ ಬಿಳುಪಿನ ಮೇಲೆ, ಎರಡು ಕೆಂಪು ಚುಕ್ಕೆ ಎದ್ದವು.

ಇಲ್ಲಿಂದ ಮುಂದಿನ ಹೊತ್ತಿಗಾಗಿ ನಾನು ಯಾರನ್ನೂ ಕ್ಷಮಿಸಿಲ್ಲ. ಕಚ್ಚಿದ್ದು ಹಾವು, ಅದು ಹೆದರಿತ್ತು, ಅದರ ಮೇಲೆ ನನಗೆ ಏನೂ ಇಲ್ಲ. ಆದರೆ ಕಚ್ಚಿದ ಮೇಲೆ ಆ ಪಡಸಾಲೆಯಲ್ಲಿ ನಡೆದದ್ದು ಚರ್ಚೆ. ಚಿಗಪ್ಪ ಹಾವನ್ನು ಕಂಬಳಿಯಿಂದ ಡ್ರಮ್ಮಿಗೆ ಸೇರಿಸಿ ಡ್ರಮ್ಮನ್ನು ನೆಟ್ಟಗೆ ನಿಲ್ಲಿಸಿದ. ಆಮೇಲೆ ಅವ್ವನ ಕಡೆ ತಿರುಗಿದ.

"ಏನೂ ಆಗಂಗಿಲ್ಲ ಅತಿಗಿ. ಮಣ್ಣವ್ವಗ ವಿಷ ಎಲ್ಲೈತಿ? ಇರಿವಿ ಕಚ್ಚಿದಂಗ ಅಷ್ಟ."

ಅಜ್ಜಿ ಗಾಯಕ್ಕೆ ಅದೇ ಅರಿಷಿಣ ಒತ್ತಿದಳು. ಮನೆಮಗಳನ್ನು ಬ್ಯಾರೆ ಅಂದಿ, ಅದಕ್ಕೇ ಹಲ್ಲು ಊರಿದಾಳ, ತಪ್ಪಾತು ಅಂತ ಕೈ ಮುಗಿ ಅಂದಳು. ಗೆಳೆಯ ಮೆಲ್ಲಗೆ ದವಾಖಾನೆಯ ಮಾತು ತೆಗೆದ. ವಿಷ ಇಲ್ಲದ ಹಾವಿಗೆ ದವಾಖಾನೆಗೆ ಹೋದರೆ ನಗುತ್ತಾರೆ ಅಂತ ಚಿಗಪ್ಪ ಅವನ ಬಾಯಿ ಮುಚ್ಚಿಸಿದ. ಕುರಿಹಟ್ಟಿಯಿಂದ ಬಂದ ಅಪ್ಪ, ನನ್ನ ಶಾಂತ ಅಪ್ಪ, ಒಂದು ಹಸಿಮೆಣಸಿನಕಾಯಿ ತರಿಸಿ ಅವ್ವನ ಬಾಯಿಗೆ ಇಟ್ಟ. ವಿಷ ಏರಿದ್ದರೆ ಖಾರ ಹತ್ತುವುದಿಲ್ಲ ಅಂತ ನಮ್ಮ ಕಡೆ ಎಲ್ಲರೂ ನಂಬುತ್ತಾರೆ.

"ಹತ್ತೈತೇನು?"

ಅವ್ವ ಕಣ್ಣಲ್ಲಿ ನೀರು ತುಂಬಿಕೊಂಡು ಹೂಂ ಅಂದಳು. ಎಲ್ಲರ ಮುಖ ಸಡಿಲವಾಯಿತು. ಮಂಡಲದ ವಿಷ ನಾಲಿಗೆಯನ್ನು ಮರಗಟ್ಟಿಸುವುದಿಲ್ಲ, ರಕ್ತವನ್ನು ಕೆಡಿಸುತ್ತದೆ. ನಾಲಿಗೆ ಖಾರ ಅನ್ನುತ್ತಲೇ ಇರುತ್ತದೆ, ಒಳಗೆ ಮನುಷ್ಯ ಸಾಯುತ್ತಲೇ ಇರುತ್ತಾನೆ. ರೇಡಿಯೋದಲ್ಲಿ ಸಮಾಚಾರ ಮುಗಿದು ರೈತರಿಗೆ ಏನೋ ಸಲಹೆ ಹೇಳುತ್ತಿದ್ದರು. ಯಾರಿಗೂ ಅದನ್ನು ಆರಿಸಬೇಕು ಅನ್ನಿಸಿರಲಿಲ್ಲ. ಅಜ್ಜಿ ಒಲೆಯ ಮೇಲೆ ರೊಟ್ಟಿ ಸೀಯುತ್ತಿದೆ ಅಂದಳು. ಸೀದ ರೊಟ್ಟಿಯ ವಾಸನೆ, ಅರಿಷಿಣದ ವಾಸನೆ, ಅವ್ವ ಕಂಬಕ್ಕೆ ಒರಗಿ ಕೂತದ್ದು, ಅವಳ ಕೈ ನಮ್ಮ ಕಣ್ಣ ಮುಂದೆ ದಪ್ಪವಾಗುತ್ತ ಹೋದದ್ದು. ಹಸಿರು ಗಾಜಿನ ಬಳೆಗಳು ಮಣಿಕಟ್ಟಿನಲ್ಲಿ ಹೂತು ಚರ್ಮ ಮೇಲೆದ್ದು ಬಂತು. ಬಳೆ ಒಡೆಯಬೇಕು ಅಂತ ಗೆಳೆಯ ಅಂದ. ಅಜ್ಜಿ ಅಡ್ಡ ಬಂದಳು. ಗಂಡ ಎದುರಿಗೆ ನಿಂತಿರುವಾಗ ಮುತ್ತೈದೆಯ ಬಳೆ ಒಡೆಯಬಾರದು, ಸೋಪು ಹಚ್ಚಿ ತೆಗೆಯೋಣ, ಬಳೆಗಾರನನ್ನು ಕರೆಸೋಣ ಅಂದಳು. ಅಪ್ಪ ತಾಯಿಯ ಮುಖ ನೋಡಿದ, ಹೆಂಡತಿಯ ಕೈ ನೋಡಿದ, ನಿಂತೇ ಇದ್ದ.

ಅವ್ವ ಎದ್ದಳು. ಯಾರನ್ನೂ ನೋಡದೆ ಡ್ರಮ್ಮಿನ ಹತ್ತಿರ ಹೋಗಿ ತನ್ನ ಬಲಗೈಯನ್ನು ಅದರ ತಗಡಿನ ಅಂಚಿಗೆ ಅಪ್ಪಳಿಸಿದಳು. ಗಾಜು ಒಡೆದ ಸದ್ದು, ಕೆಳಗಿಂದ ಉಸ್ಸೆನ್ನುವ ಸದ್ದು. ಮತ್ತೊಂದು ಸಲ ಅಪ್ಪಳಿಸಿದಳು. ಕೊನೆಯ ಬಳೆ ಬಿದ್ದ ಮೇಲೆ ಎಡಗೈಯಲ್ಲಿ ಕುಡಿಯುವ ನೀರಿನ ಬಿಂದಿಗೆ ಎತ್ತಿಕೊಂಡು ಬಂದು, ಅಷ್ಟೂ ನೀರನ್ನು ಡ್ರಮ್ಮಿನೊಳಗೆ ಸುರಿದಳು.

"ನೋಡ್ರಿ ಈಗ," ಅಂದಳು. "ಎಲ್ಲಾರೂ ಬಂದು ನೋಡ್ರಿ."

ಅರಿಷಿಣ ಕರಗಿ ನೀರು ಹಳದಿಯಾಯಿತು. ಹಾವಿನ ಬೆನ್ನು ತೊಳೆದುಕೊಂಡಿತು. ಬೆನ್ನಿನುದ್ದಕ್ಕೂ ಸರದಲ್ಲಿ ಪೋಣಿಸಿದ ಪದಕಗಳಂತೆ ಕಪ್ಪಂಚಿನ ದುಂಡು ಮಚ್ಚೆಗಳು, ತ್ರಿಕೋನದ ದೊಡ್ಡ ತಲೆ. ಆ ಪಡಸಾಲೆಯಲ್ಲಿದ್ದ ಒಬ್ಬರಿಗೂ ಅದನ್ನು ಗುರುತಿಸಲು ಪಂಡಿತರು ಬೇಕಾಗಿರಲಿಲ್ಲ. ಶೇಂಗಾ ಹೊಲದಲ್ಲಿ ಕೆಲಸ ಮಾಡುವ ನಮ್ಮ ಕಡೆಯ ಚಿಕ್ಕ ಮಕ್ಕಳಿಗೂ ಅದು ಗೊತ್ತು. ಅಪ್ಪ ಒಂದೇ ಮಾತು ಹೇಳಿದ.

"ಕೊಳಕಮಂಡಲ."

ಇದೇ ನನ್ನ ಸಿಟ್ಟಿನ ಬೇರು. ಗೊತ್ತಿಲ್ಲದವರು ತಪ್ಪು ಮಾಡಿದರೆ ಅಯ್ಯೋ ಅನ್ನಬಹುದು. ಇವರಿಗೆಲ್ಲ ಗೊತ್ತಿತ್ತು. ನೋಡಿದ್ದರೆ ಸಾಕಿತ್ತು. ಅವರವರ ಅಭಿಪ್ರಾಯವನ್ನು ಬಳಿದು ಬಳಿದು, ಎದುರಿಗಿದ್ದದ್ದನ್ನು ಯಾರೂ ನೋಡಲಿಲ್ಲ. ಇದು ಬೇರೆ ಅಂದವಳಿಗೆ ರೊಟ್ಟಿ ನೋಡ್ಕ ಅಂದರು.

ಗೆಳೆಯನ ಮೋಟರ್‌ಸೈಕಲ್ಲಿನ ಮೇಲೆ ಅವ್ವನನ್ನು ನಡುವೆ ಕೂರಿಸಿಕೊಂಡು ಅಪ್ಪ ಹಿಂದೆ ಕೂತ. ಅವಳ ಸೆರಗು ಚಕ್ರಕ್ಕೆ ಸಿಗದ ಹಾಗೆ ನಾನು ಅದನ್ನು ಅವಳ ಸೊಂಟಕ್ಕೆ ಸಿಕ್ಕಿಸಿದೆ. ಆಗ ನೋಡಿದೆ, ಅವಳ ಹಲ್ಲಿನ ಸಂದಿಗಳಲ್ಲಿ ರಕ್ತ. ಅಡಿಕೆ ಹಾಕಿದ ಹಾಗೆ ಇತ್ತು. ಅವ್ವ ಎಂದೂ ಎಲೆ ಅಡಿಕೆ ಹಾಕಿದವಳಲ್ಲ. ಕೊಟ್ಟೂರಿನ ದವಾಖಾನೆಯಲ್ಲಿ ಇಂಜೆಕ್ಷನ್ ಶುರು ಮಾಡಿ ಬಳ್ಳಾರಿಗೆ ಕಳಿಸಿದರು. ಅಲ್ಲಿ ಮೂತ್ರ ನಿಂತಿತು, ಮೈಯೆಲ್ಲ ಊದಿತು, ಮಷೀನಿಗೆ ಹಾಕಿ ರಕ್ತ ಶುದ್ಧ ಮಾಡಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಅಂತ ಡಾಕ್ಟರು ಮಾತು ಅರ್ಧಕ್ಕೆ ನಿಲ್ಲಿಸಿದರಂತೆ. ಅಪ್ಪ ಇದನ್ನು ಹೇಳುವಾಗ ತಡ ಯಾಕಾಯಿತು ಅನ್ನುವುದನ್ನು ಎಂದೂ ಹೇಳುವುದಿಲ್ಲ.

ಮನೆಯಲ್ಲಿ ಅಜ್ಜಿ, ಚಿಗಪ್ಪ, ನಾನು, ತಮ್ಮ, ಮತ್ತು ಡ್ರಮ್ಮು. ಹೌದು, ಡ್ರಮ್ಮು ಅಲ್ಲೇ ಇತ್ತು, ಹಾವು ಅದರೊಳಗೇ ಇತ್ತು, ಮುಚ್ಚಳದ ಮೇಲೆ ಬೀಸುವ ಕಲ್ಲು ಹೇರಿದ್ದರು. ಹಾವನ್ನು ಬಡಿಯಲು ಕಟ್ಟಿಗೆ ತರಲು ಹೊರಟ ಚಿಗಪ್ಪನನ್ನು ಅಜ್ಜಿ ತಡೆದಳು, ಹೊಸ ಕಾನೂನು ತೆಗೆದಳು. ಮಣ್ಣವ್ವ ಅಲ್ಲ ಅಂತ ಅವಳೂ ಒಪ್ಪಿದಳು. ಆದರೆ ಅರಿಷಿಣ ಕುಂಕುಮ ಬಿದ್ದ ಮೇಲೆ ಅದು ದೇವರ ಪಾಲು. ಕೊಲ್ಲುವಂತಿಲ್ಲ, ಬರಿಗೈಯಲ್ಲಿ ಹೊರಗೆ ಹಾಕುವಂತಿಲ್ಲ, ಅಮಾವಾಸ್ಯೆಯ ದಿನ ಉಡಿ ತುಂಬಿ ಕಳಿಸಬೇಕು. ಅವ್ವ ಸುರಿದ ನೀರಿಗೆ ತೊಳೆದು ಹೋದ ಅರಿಷಿಣವನ್ನು, ಅವ್ವ ಬಳ್ಳಾರಿಯಲ್ಲಿ ಮಷೀನಿನ ಮೇಲಿದ್ದಾಗ, ಅಜ್ಜಿ ಮುಚ್ಚಳ ಸರಿಸಿ ಮತ್ತೆ ಎರಚಿದಳು. ನಾನು ನೋಡಿದೆ. ಚಿಗಪ್ಪನಿಗೆ, ಅಣ್ಣ ಬಂದ ಮೇಲೆ ನೋಡೋಣ ಅನ್ನುವ ಇನ್ನೊಂದು ಮತ ಹುಟ್ಟಿತ್ತು. ಆ ಶೂರ ಕುರಿ ಕಾಯುವ ನೆಪ ಮಾಡಿ ಹಟ್ಟಿಯಲ್ಲಿ ಮಲಗಲು ಶುರು ಮಾಡಿದ. ನಾನೂ ತಮ್ಮನೂ ಅವ್ವನಿಲ್ಲದ ಅಡುಗೆಮನೆಯಲ್ಲಿ ಮಲಗುತ್ತಿದ್ದೆವು, ಅಂದರೆ ಬಾಗಿಲ ಸಂದಿಗೆ ಗೋಣಿ ತುರುಕಿ ಕೂತಿರುತ್ತಿದ್ದೆವು. ಇಲಿ ಓಡಿದರೆ ತಮ್ಮ ಉಚ್ಚೆ ಹೊಯ್ದುಕೊಳ್ಳುತ್ತಿದ್ದ. ಹಗಲು ಶಾಲೆಯಲ್ಲಿ ಇಬ್ಬರೂ ತೂಕಡಿಸಿ ಏಟು ತಿನ್ನುತ್ತಿದ್ದೆವು.

ಈಗ ಚಿಗಪ್ಪ ಕೊಟ್ಟೂರಿನ ಮಿರ್ಚಿ ಮಂಡಕ್ಕಿ ಅಂಗಡಿಯಲ್ಲಿ ಕೂತು, ಕೊಳಕುಮಂಡಲವನ್ನು ಕಂಬಳಿಯಲ್ಲಿ ಹಿಡಿದವ ನಾನು ಅಂತ ಕಥೆ ಹೇಳುತ್ತಾನೆ. ಅವನ ಮಗ ಮೊಬೈಲಿನಲ್ಲಿ ಹಾವಿನ ಜೊತೆ ವಿಡಿಯೋ ಮಾಡಿ ಹಾಕುತ್ತಾನೆ, ಹೆಡೆಗೆ ಮುತ್ತು ಕೊಡುತ್ತಾನೆ, ಸಾವಿರಾರು ಜನ ಅದಕ್ಕೆ ಚಪ್ಪಾಳೆಯ ಚಿತ್ರ ಕಳಿಸುತ್ತಾರೆ. ಹೋದ ವರ್ಷ ಮದುವೆಯೊಂದರಲ್ಲಿ ಸಿಕ್ಕಾಗ ಅದನ್ನು ಬಿಡು ಅಂದೆ. ಅಕ್ಕ, ನಿಮಗೆ ಹಾವಿನ ಮ್ಯಾಲ ಪ್ರೀತಿ ಇಲ್ಲ ಅಂದ. ನಾನು ಎಲೆ ಬಿಟ್ಟು ಎದ್ದು ಬಂದೆ.

ಅವ್ವ ಬಳ್ಳಾರಿಯಿಂದ ಬಂದದ್ದು ಒಂದು ಮಧ್ಯಾಹ್ನ. ಅಪ್ಪ ಅವಳನ್ನು ಟೆಂಪೋದಿಂದ ಇಳಿಸಿ ನಡೆಸಿಕೊಂಡು ಬಂದ. ಮೈ ಇಳಿದು ಹೋಗಿತ್ತು, ಬಲಗೈಗೆ ಬ್ಯಾಂಡೇಜು. ಅಜ್ಜಿ ರೊಟ್ಟಿ, ಮೆಣಸಿನಕಾಯಿ ಹಿಡಿದು ನಿವಾಳಿಸಲು ಬಾಗಿಲಿಗೆ ಬಂದಳು. ಅವ್ವ ಹೊಸ್ತಿಲಿನ ಹೊರಗಿನಿಂದಲೇ ಒಳಗೆ ಇಣುಕಿದಳು. ಮೂಲೆ, ಡ್ರಮ್ಮು, ಬೀಸುವ ಕಲ್ಲು. ಅವಳಿಗೆ ಯಾರೂ ಹೇಳಿರಲಿಲ್ಲ. ಆಮೇಲೆ ನಾವಿಬ್ಬರು ಅವಳ ಕಣ್ಣಿಗೆ ಬಿದ್ದೆವು. ತಮ್ಮನ ಗುಳಿಬಿದ್ದ ಕಣ್ಣನ್ನು ಬಹಳ ಹೊತ್ತು ನೋಡಿದಳು. ತಿರುಗಿ ಅಂಗಳಕ್ಕೆ ಹೋಗಿ ಬೇವಿನ ಮರದ ಬುಡದ ಕಲ್ಲಿನ ಮೇಲೆ ಕೂತಳು.

"ಅದು ಹೊರಗ ಹೋದ ಮ್ಯಾಲ ನಾ ಒಳಗ ಬರ್ತೀನಿ. ಮಕ್ಳನ ಇಲ್ಲಿ ಕಳಸ್ರಿ."

ಅಜ್ಜಿ ಅಮಾವಾಸ್ಯೆಯ ಮಾತು ತೆಗೆದಳು, ಅರಿಷಿಣ ಬಿದ್ದೈತಿ, ದೇವರ ಪಾಲು ಅಂದಳು, ನಾಲ್ಕು ದಿನದ ಮಾತು ಅಂದಳು. ನಾವಿಬ್ಬರೂ ಹೋಗಿ ಅವಳ ಎರಡೂ ಮಗ್ಗುಲಿಗೆ ಕೂತೆವು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಬೇಲಿಯ ಹತ್ತಿರ ನಿಂತರು. ಸಾವಿನ ಬಾಯಿಂದ ಬಂದ ಸೊಸೆ ಮನೆಯ ಹೊರಗೆ ಕೂತಿರುವುದು ಅಜ್ಜಿಗೆ ತಡೆಯಲಿಲ್ಲ. ಒಳಗೆ ಬಾ ಅಂತ ಹೇಳು ಅಂದಳು ಅಪ್ಪನಿಗೆ. ಅಪ್ಪ ಕಟ್ಟೆಯ ಮೇಲೆ ಕೂರಲಿಲ್ಲ. ಬಂದು ನಮ್ಮ ಪಕ್ಕ ಮರಕ್ಕೆ ಒರಗಿ ನಿಂತ. ಅಷ್ಟಾದರೂ ಮಾಡಿದ. ಚಿಗಪ್ಪ ಹಟ್ಟಿಯ ಬಾಗಿಲಲ್ಲಿ ಕಂಬಳಿ ಹೊದ್ದು ನಿಂತಿದ್ದ. ಅವ್ವ ಅವನನ್ನು ಹೆಸರು ಹಿಡಿದು ಕರೆದಳು.

"ತಿಪ್ಪೇಶಪ್ಪ. ಹಾವು ನಾ ನೋಡ್ಕಂತೀನಿ ಅಂದಿದ್ದಿ. ಬಾ, ನೋಡ್ಕ."

ಅವನು ಅಣ್ಣನ ಮುಖ ನೋಡಿದ, ತಾಯಿಯ ಮುಖ ನೋಡಿದ. ಬೇಲಿಯ ಹತ್ತಿರ ಯಾರೋ ಹೆಂಗಸು ಕಿಸಕ್ಕನೆ ನಕ್ಕಳು. ಅವನು ಒಳಗೆ ಹೋದ. ಅಪ್ಪನೂ ಹೋದ. ಮುಚ್ಚಳಕ್ಕೆ ಹಗ್ಗ ಬಿಗಿದು ಇಬ್ಬರೂ ಡ್ರಮ್ಮನ್ನು ಅಂಗಳಕ್ಕೆ ಹೊತ್ತು ತಂದರು. ಚಿಗಪ್ಪ ಮೈ ದೂರ ಇಟ್ಟುಕೊಂಡು ಹಿಡಿದಿದ್ದರಿಂದ ಡ್ರಮ್ಮು ಬಾಗಿಲ ಚೌಕಟ್ಟಿಗೆ ಎರಡು ಸಲ ಬಡಿಯಿತು. ಎತ್ತಿನ ಗಾಡಿಗೆ ಏರಿಸುವ ಮೊದಲು ಅವ್ವ ತಡೆದಳು.

"ತೊಳದು ಕಳಸು. ಅರಿಷಿಣ ಇದ್ರ ಅತ್ತ್ಯಾರಿಗೆ ದೇವರ ಪಾಲಲ್ಲೇನು? ತೊಳದ್ರ ಬರೇ ಹಾವು."

ಮುಚ್ಚಳ ಒಂದಿಷ್ಟು ಸರಿಸಿ, ತೋಳು ಎಷ್ಟು ಉದ್ದ ಚಾಚಬಹುದೋ ಅಷ್ಟು ಚಾಚಿ, ಮುಖ ಆ ಕಡೆ ತಿರುಗಿಸಿಕೊಂಡು ಚಿಗಪ್ಪ ಕೊಡ ಕೊಡ ನೀರು ಹೊಯ್ದ. ಹಳದಿ ನೀರು ಡ್ರಮ್ಮಿನ ತಳದ ಸಣ್ಣ ತೂತಿನಿಂದ ಅಂಗಳಕ್ಕೆ ಹರಿಯಿತು. ಅಜ್ಜಿ ನೋಡುತ್ತ ನಿಂತಿದ್ದಳು. ನೀರು ತಿಳಿಯಾದ ಮೇಲೆ ಅವ್ವ ಸಾಕು ಅಂದಳು. ಇಬ್ಬರೂ ಗಾಡಿ ಹೊಡೆದುಕೊಂಡು ಗುಡ್ಡದ ಅಡವಿಗೆ ಹೋಗಿ, ಡ್ರಮ್ಮು ಉರುಳಿಸಿ, ಖಾಲಿ ಗಾಡಿಯಲ್ಲಿ ಬಂದರು. ಅದು ಕಲ್ಲುಗಳ ಸಂದಿಗೆ ಹೋಗುವುದನ್ನು ಅಪ್ಪ ಕಣ್ಣಾರೆ ನೋಡಿದ್ದಾನೆ ಅಂತ ಅವ್ವ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಆಮೇಲೆ ನಮ್ಮಿಬ್ಬರ ಹೆಗಲ ಮೇಲೆ ಕೈಯಿಟ್ಟು ಎದ್ದು, ಹೊಸ್ತಿಲು ದಾಟಿದಳು.

ಅವಳ ಹೆಬ್ಬೆರಳು ಮತ್ತೆ ನೆಟ್ಟಗಾಗಲಿಲ್ಲ. ಅವಳ ರೊಟ್ಟಿ ಕೊನೆಯ ತನಕ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಬಡಿಯುವ ಸದ್ದೂ ಬದಲಾಯಿತು. ಎರಡು ಬಡಿತ, ಒಂದು ಬಿಡುವು. ಆ ಬಿಡುವು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಅವ್ವನಿಗೆ ಬರುತ್ತಿರಲಿಲ್ಲ, ಅಥವಾ ಅವಳ ಸಿಟ್ಟು ಆ ಮಧ್ಯಾಹ್ನವೇ ಕೆಲಸ ಮುಗಿಸಿತ್ತು.

ಹಾವು ಹೋದ ಆ ರಾತ್ರಿ ಅವ್ವ ಅಡುಗೆಮನೆಯಲ್ಲಿ ಹಾಸಿಕೊಳ್ಳಲಿಲ್ಲ. ಮಾರನೇ ದಿನ ನಮ್ಮನ್ನು ಎಬ್ಬಿಸಿದ್ದು ರೇಡಿಯೋ ಅಲ್ಲ, ಅದನ್ನು ಹಚ್ಚುವ ಅಪ್ಪನೇ ಎದ್ದಿರಲಿಲ್ಲ. ಹಟ್ಟಿಯಲ್ಲಿ ಕುರಿಗಳು, ಬಿಸಿಲು ಏರಿದರೂ ಹೊರಗೆ ಬಿಡುವವರಿಲ್ಲದೆ, ಒಂದೇ ಸಮನೆ ಅರಚುತ್ತಿದ್ದವು. ತಮ್ಮನ ಚಾಪೆ ಒಣಗಿತ್ತು. ನಾನು ಕಣ್ಣು ಬಿಟ್ಟು ನೋಡಿದೆ. ಡ್ರಮ್ಮು ಇದ್ದ ಮೂಲೆಯಲ್ಲಿ, ತಲಬಾಗಿಲ ಗಾಳಿ ನೇರ ಬಂದು ಬೀಸುವ ಜಾಗದಲ್ಲಿ, ಬ್ಯಾಂಡೇಜಿನ ಕೈಯನ್ನು ಎದೆಯ ಮೇಲಿಟ್ಟುಕೊಂಡು ಅವ್ವ ಇನ್ನೂ ನಿದ್ದೆಯಲ್ಲಿದ್ದಳು.